ಬದುಕಿರುವ ಅಪ್ಪನಿಗೊಂದು ‘ಸಾರಿ’

ನಮ್ಮ ಮನೆಯ ಫ್ರಿಜ್ಜಿನ ಮೇಲೆ ಒಂದು ಗಂಧದ ಹಾರವಿದೆ. ಗಂಧದ ಚಕ್ಕೆಗಳನ್ನು ಹೂವಿನಂತೆ ಸುರುಳಿ ಸುತ್ತಿ, ನಡುನಡುವೆ ಜರಿಯ ಗುಂಡುಗಳನ್ನು ಪೋಣಿಸಿದ, ಸತ್ತವರ ಭಾವಚಿತ್ರಕ್ಕೆ ಹಾಕುವಂಥ ಹಾರ. ಮನೆಗೆ ಬಂದವರು ಅದನ್ನು ಕಂಡು, ಗೋಡೆಯ ಮೇಲೆ ಫೋಟೋ ಹುಡುಕಿ, ಸಿಗದೆ ನನ್ನ ಮುಖ ನೋಡುತ್ತಾರೆ. ‘ಅಪ್ಪನದು’ ಎನ್ನುತ್ತೇನೆ. ಅವರು ಮುಖ ಸಪ್ಪಗೆ ಮಾಡಿಕೊಂಡು ‘ಸಾರಿ’ ಎನ್ನುವಷ್ಟರಲ್ಲಿ ಅಪ್ಪ ಕಾಫಿಯ ಲೋಟ ಹಿಡಿದು ಒಳಗಿನಿಂದ ಬರುತ್ತಾರೆ. ಆಗಾಗ ಆ ಹಾರದ ಧೂಳು ಹೊಡೆಯುವವರೂ ಅವರೇ. ವಾಸನೆ ಇನ್ನೂ ಇದೆ, ಎಸೆಯಕೂಡದು ಎಂಬುದು ಅವರ ಅಪ್ಪಣೆ.

ಈ ‘ಸಾರಿ’ ಎಂಬ ಪದದೊಂದಿಗೆ ನನಗೆ ಬಾಲ್ಯದಿಂದಲೂ ವ್ಯಾಜ್ಯವಿದೆ. ಚೆನ್ನೈ ಮೈಲಾಪುರದ ನಮ್ಮ ಶಾಲೆಯಲ್ಲಿ ಅದನ್ನು ನಾವು ಹೇಳುತ್ತಿರಲಿಲ್ಲ, ಹಾಡುತ್ತಿದ್ದೆವು. ಹಿಂದಿನ ಬೆಂಚಿನ ಯಾವಳೋ ಒಬ್ಬಳು ಮಾತನಾಡಿ ಸಿಕ್ಕಿಬಿದ್ದರೆ ಇಡೀ ತರಗತಿ ಎದ್ದು ನಿಂತು ‘ಸಾ...ರಿ ಮಿಸ್’ ಎನ್ನಬೇಕು. ಬೀದಿಗೊಂದು ಸಂಗೀತದ ಪಾಠವಿದ್ದ ಊರು. ನಾವು ಷಡ್ಜದಲ್ಲಿ ಹಿಡಿದು ರಿಷಭದಲ್ಲಿ ನಿಲ್ಲಿಸುತ್ತಿದ್ದೆವು. ಮಾತನಾಡಿದವಳು ಯಾರು, ಹಾಡುತ್ತಿರುವವರು ಯಾರು ಎಂಬ ಪ್ರಶ್ನೆ ನನ್ನನ್ನು ಆಗಲೇ ಕಾಡುತ್ತಿತ್ತು. ತಪ್ಪು ಒಬ್ಬಳದು, ವಿಷಾದ ಸಾಮೂಹಿಕ. ಹೊಣೆಗಾರಿಕೆಯ ಕುರಿತು ನಾನು ಮುಂದೆ ಬರೆದ ಎಲ್ಲ ಉಗ್ರ ಲೇಖನಗಳ ಬೀಜ ಆ ಬೆಂಚಿನಲ್ಲಿದೆಯೆಂದು ನನ್ನ ನಂಬಿಕೆ.

ಮನೆಯಲ್ಲಾದರೋ ಈ ಪದಕ್ಕೆ ಪ್ರವೇಶವೇ ಇರಲಿಲ್ಲ. ಅಮ್ಮ ನನ್ನನ್ನು ಅನ್ಯಾಯವಾಗಿ ಬೈದ ದಿನ ಸಂಜೆ ಗೊಜ್ಜವಲಕ್ಕಿ ಆಗುತ್ತಿತ್ತು. ಅದೇ ಅವಳ ಅಧಿಕೃತ ಹೇಳಿಕೆ. ‘ತಪ್ಪಾಯಿತು’ ಎಂಬ ಮಾತು ದೇವರ ಮುಂದೆ ಗಲ್ಲ ಬಡಿದುಕೊಳ್ಳುವಾಗ ಮಾತ್ರ ಹೊರಡುತ್ತಿತ್ತು. ಆ ಮಾತನ್ನಾದರೂ ನೋಡಿ: ಮಳೆಯಾಯಿತು, ಸಂಜೆಯಾಯಿತು, ತಪ್ಪಾಯಿತು. ಮಾಡಿದವರು ಯಾರೂ ಇಲ್ಲ. ಹವಾಮಾನದಂತೆ ಅದು ತಾನಾಗಿಯೇ ಸಂಭವಿಸುತ್ತದೆ. ‘ಕ್ಷಮಿಸಿ’ ಇನ್ನೂ ಒಂದು ಕೈ ಮೇಲು. ಅದರ ಮೂಲಧಾತುವಿಗೆ ಸಹಿಸುವುದು ಎಂಬ ಅರ್ಥವಿದೆ. ಅಂದರೆ ಕಾಲು ತುಳಿದವನು ತುಳಿಸಿಕೊಂಡವನಿಗೆ ‘ಸಹಿಸಿಕೋ’ ಎಂದು ಆಜ್ಞೆ ಹೊರಡಿಸಿದಂತೆ. ಭಾಷಾಶಾಸ್ತ್ರದ ಎಂ.ಎ. ತರಗತಿಯ ಗೋಷ್ಠಿಯಲ್ಲಿ ನಾನು ಇದನ್ನು ಆವೇಶದಿಂದ ಮಂಡಿಸಿದಾಗ ನಮ್ಮ ಪ್ರಾಧ್ಯಾಪಕರು ಗಡಿಯಾರ ನೋಡಿ, ‘ಸಾರಿ, ಸಮಯವಾಯಿತು’ ಎಂದರು.

ನಮ್ಮ ಬೀದಿಯ ಮೂಲೆಯಲ್ಲಿ ಅಗೆದಿಟ್ಟ ಗುಂಡಿಯೊಂದಿದೆ. ಅದರ ಮುಂದಿನ ಫಲಕ, ಆದ ಅನಾನುಕೂಲಕ್ಕಾಗಿ ನಾವು ವಿಷಾದಿಸುತ್ತೇವೆ ಎಂದು ಎರಡು ಭಾಷೆಗಳಲ್ಲಿ ಸಾರುತ್ತದೆ. ವಿಷಾದಿಸುವ ಆ ‘ನಾವು’ ಯಾರು ಎಂದು ಪತ್ತೆ ಹಚ್ಚಲು ಹೊರಟೆ. ನೀರಿನವರು ವಿದ್ಯುತ್ತಿನವರೆಂದರು, ವಿದ್ಯುತ್ತಿನವರು ಕೇಬಲ್ಲಿನವರೆಂದರು, ಕೇಬಲ್ಲಿನವರು ಗುಂಡಿ ಎಲ್ಲಿದೆಯೆಂದು ನನ್ನನ್ನೇ ಕೇಳಿದರು. ಕೊನೆಗೆ ನಾನು ಬಂದ ತೀರ್ಮಾನವೆಂದರೆ, ಅಲ್ಲಿ ನಿಜವಾಗಿ ವಿಷಾದಿಸುತ್ತಿರುವುದು ಆ ಫಲಕವೊಂದೇ. ತಲೆ ವಾಲಿಸಿ, ಮುಖಕ್ಕೆ ಕೆಸರು ಮೆತ್ತಿಕೊಂಡು, ಅದು ನಿಂತ ಭಂಗಿಯಲ್ಲಿ ಪ್ರಾಮಾಣಿಕತೆಯಿತ್ತು.

ಇಂಥ ನಾನಿರುವ ಮನೆಯಲ್ಲಿ, ಒಂದು ಶುಕ್ರವಾರ, ಬದುಕಿದ್ದ ಅಪ್ಪನನ್ನು ಸಾಯಿಸಲಾಯಿತು.

ಅಮ್ಮ ಆಗ ಅಕ್ಕನ ಬಾಣಂತನಕ್ಕೆಂದು ಪುಣೆಗೆ ಹೋಗಿದ್ದಳು. ಮನೆ ನಿಭಾಯಿಸಲು ಅಪ್ಪನ ಅಕ್ಕ, ಸುಭದ್ರಾ ಅತ್ಯಾ, ಧಾರವಾಡದಿಂದ ಬಂದಿದ್ದಳು. ಅಪ್ಪ ಗುರುರಾಜ ರಾವ್ ವಿಮಾ ಕಚೇರಿಯಿಂದ ನಿವೃತ್ತರಾದವರು. ಇತರರ ಮರಣವನ್ನು ಪರಿಶೀಲಿಸಿ ಒಪ್ಪುವುದೇ ಅವರ ಜೀವಮಾನದ ಕೆಲಸವಾಗಿತ್ತು. ಆ ಬೆಳಿಗ್ಗೆ ಅವರು ಒಣಗಿದ ಪಂಚೆ ತರಲು ತಾರಸಿಗೆ ಹೋದಾಗ ಕಾಗೆಯೊಂದು ಬಂದು ತಲೆಗೆ ಬಡಿದು ಹಾರಿಹೋಯಿತು. ಮೂರನೆಯ ಮಹಡಿಯ ಕೋಮಳಾ ಮಾಮಿ ದಿನವೂ ಊಟಕ್ಕೆ ಮುನ್ನ ಅನ್ನವಿಟ್ಟು ಕರೆಯುವ, ಬಹಳ ಗತ್ತಿನ ಕಾಗೆ ಅದು. ಅಪ್ಪ ಕೆಳಗಿಳಿದು ಬಂದು ಇದನ್ನು ನಗುತ್ತ ಹೇಳಿ, ಪಲ್ಲಾವರಂ ಸಂತೆಗೆ ಹೊರಟುಹೋದರು. ಶುಕ್ರವಾರದ ಆ ಸಂತೆಯಲ್ಲಿ ಕೆಟ್ಟ ಟೇಬಲ್ ಫ್ಯಾನುಗಳನ್ನು ಕೊಂಡು ತಂದು ಬದುಕಿಸುವುದು ಅವರ ಗೀಳು. ಫೋನನ್ನು ಅಡುಗೆಮನೆಯಲ್ಲೇ ಮರೆತಿದ್ದರು. ನಾನು ನನ್ನ ಕೋಣೆಯಲ್ಲಿ ಸಾರ್ವಜನಿಕ ಸಂಸ್ಥೆಗಳ ಮೌನದ ಬಗ್ಗೆ ಲೇಖನ ಬರೆಯುತ್ತಿದ್ದೆ. ಕಾಗೆಯ ಮಾತು ಕೇಳಿ ಅತ್ಯಾ ನಗಲಿಲ್ಲವೆಂಬುದನ್ನು ನಾನು ಗಮನಿಸಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕರೆಗಂಟೆ ಸದ್ದಾಯಿತು. ಬಾಗಿಲು ತೆರೆದರೆ ಕೋಮಳಾ ಮಾಮಿ. ನನ್ನನ್ನು ಎದೆಗೆ ಅವುಚಿಕೊಂಡು, “ಸಾರಿ ಡಿ ಕಣ್ಣೇ” ಎಂದರು.

“ಯಾಕೆ ಮಾಮಿ?”

“ಅಪ್ಪಾ...” ಎಂದವರು ನನ್ನ ತಲೆ ಸವರಿದರು. ಅವರ ಹಿಂದೆ ಮೆಟ್ಟಿಲುಗಳ ತುಂಬ ಜನ. ಕಿಟಕಿಯಿಂದ ಬಗ್ಗಿದರೆ ಕೆಳಗೆ ಶಾಮಿಯಾನದ ಗಳುಗಳು ಏಳುತ್ತಿವೆ, ಪ್ಲಾಸ್ಟಿಕ್ ಕುರ್ಚಿಗಳು ಸಾಲಾಗುತ್ತಿವೆ, ಶವ ಇಡುವ, ಗಾಜಿನ ಮುಚ್ಚಳದ ಫ್ರೀಜರ್ ಪೆಟ್ಟಿಗೆ ಹೊತ್ತ ವ್ಯಾನೊಂದು ಗೇಟಿನೊಳಗೆ ಹಿಮ್ಮುಖವಾಗಿ ಬರುತ್ತಿದೆ.

ಅಪ್ಪನಿಗೆ ಫೋನು ಮಾಡಿದೆ. ಅದು ನಮ್ಮದೇ ಅಡುಗೆಮನೆಯಲ್ಲಿ, ಉಪ್ಪಿನ ಭರಣಿಯ ಪಕ್ಕದಲ್ಲಿ ಮೊಳಗಿತು. ನಾನು ನಂಬಿದ್ದು ಆ ಕ್ಷಣದಲ್ಲಿ. ದೇವರ ಕೋಣೆಗೆ ಓಡಿ “ಅತ್ಯಾ, ಅಪ್ಪ...” ಎಂದೆ. ಕಣ್ಣು ಮುಚ್ಚಿ ಜಪಕ್ಕೆ ಕುಳಿತಿದ್ದ ಅತ್ಯಾ ಕಣ್ಣು ತೆರೆಯದೆಯೇ ಒಂದು ಬೆರಳೆತ್ತಿ, ತಾಳು ಎಂಬಂತೆ ಸನ್ನೆ ಮಾಡಿದಳು.

ಕೆಳಗಿನ ಸೂಚನಾ ಫಲಕದಲ್ಲಿ ಅಪ್ಪನ ನಿಧನವಾರ್ತೆ ಇತ್ತು. ಅಪ್ಪನಷ್ಟು ಪರೋಪಕಾರಿ ಈ ಕಟ್ಟಡದಲ್ಲಿ ಇನ್ನೊಬ್ಬರಿರಲಿಲ್ಲವೆಂಬ, ಅಪ್ಪನ ಕಿವಿಗೆ ಎಂದೂ ಬೀಳದ ಮೆಚ್ಚುಗೆಯೂ ಇತ್ತು. ಅಡಿಯಲ್ಲಿ ‘ಕಾರ್ಯದರ್ಶಿ’ ಎಂಬ ಸಹಿ. ಕಾರ್ಯದರ್ಶಿಯೆಂದರೆ ನೆಲಮಹಡಿಯ ಶೇಷಗಿರಿ ಮಾಮಾ. ಅವರ ಅಜ್ಜನ ಕಾಲದಿಂದ ಮೈಲಾಪುರದಲ್ಲಿರುವ ಕುಟುಂಬ. ಅವರ ಕನ್ನಡ ಮನೆಯಿಂದ ಕನ್ನಡವಾಗಿ ಹೊರಟು ಬಾಗಿಲು ದಾಟುವಷ್ಟರಲ್ಲಿ ಅರ್ಧ ತಮಿಳಾಗಿರುತ್ತದೆ. ಪ್ರತಿ ಸಂಜೆ ಅಪ್ಪನೂ ಅವರೂ ತಾರಸಿಯ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕುಳಿತು ಇಡೀ ಜಗತ್ತನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಈಗ ಅವರು ಮೊದಲ ಸಾಲಿನ ಕುರ್ಚಿಯಲ್ಲಿ ಮುಖದ ಮೇಲೆ ಟವಲ್ಲು ಹೊದ್ದು ಕುಳಿತಿದ್ದರು.

“ಎಲ್ಲಿ ಮಾಮಾ? ಯಾವ ಆಸ್ಪತ್ರೆ? ನಿಮಗೆ ಯಾರು ಹೇಳಿದ್ದು?” ಎಂದು ನಾನು ಒಂದೇ ಉಸಿರಿಗೆ ಕೇಳಿದೆ.

“ನ್ಯೂಸ್ ಬಂತು ಮಾ,” ಎಂದು ಟವಲ್ಲಿನೊಳಗಿಂದ ಧ್ವನಿ ಬಂತು. “ಕುತ್ಕೋ ಮಾ.”

ಅಷ್ಟರಲ್ಲಿ, ಹೆಗಲ ಮೇಲೊಂದು ಟೇಬಲ್ ಫ್ಯಾನು ಹೊತ್ತು, ಅಪ್ಪ ಗೇಟಿನೊಳಗೆ ಬಂದರು. ಶಾಮಿಯಾನ ಕಂಡದ್ದೇ ಗೌರವದಿಂದ ಚಪ್ಪಲಿ ಬಿಟ್ಟರು, ಫ್ಯಾನು ಕೆಳಗಿಳಿಸಿದರು, ತಲೆ ತಗ್ಗಿಸಿ ಬಂದು ಶೇಷಗಿರಿ ಮಾಮಾನ ಪಕ್ಕದ ಖಾಲಿ ಕುರ್ಚಿಯಲ್ಲಿ ಕುಳಿತು ಅವರ ಹೆಗಲ ಮೇಲೆ ಕೈಯಿಟ್ಟರು. ನಾನು ಅವರನ್ನೂ ಅವರ ಫ್ಯಾನನ್ನೂ ಬಾರಿ ಬಾರಿ ನೋಡಿದೆ.

“ಯಾರ್ರೀ ಹೋದವರು?” ಎಂದರು ಮೆಲ್ಲಗೆ.

“ಗುರುರಾಜ ಪಾ.”

“ಯಾವ ಗುರುರಾಜ?”

“ನಮ್ಮ ಗುರುರಾಜ. ಸೆಕೆಂಡ್ ಫ್ಲೋರು.”

ಅಪ್ಪ ವೃತ್ತಿಸಹಜವಾಗಿ ಕೊಂಚ ಯೋಚಿಸಿದರು. “ಡಾಕ್ಟರ್ ನೋಡಿ ಹೇಳ್ಯಾರೇನು?”

ಶೇಷಗಿರಿ ಮಾಮಾ ಟವಲ್ಲು ತೆಗೆದರು. ಕೆಂಪಾದ ಕಣ್ಣಿನಿಂದ ಅಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರಿಗೆ ಬಂದದ್ದು ಸಂತೋಷವಲ್ಲ, ಸಿಟ್ಟು. “ಫೋನ್ ಎಲ್ಲಿ ಪಾ ನಿಂದು? ಯಾರಾದ್ರೂ ಫೋನ್ ಮನೇಲಿ ಇಟ್ಟುಟ್ಟು ಊರು ಸುತ್ತಕ್ಕೆ ಹೋಗ್ತಾರಾ?” ಎಂದು ಗದರಿಸಿ, ಮತ್ತೆ ಟವಲ್ಲಿನಿಂದ ಮುಖ ಮುಚ್ಚಿಕೊಂಡರು.

“ಸಂತಿಗೆ ಹೋಗಿದ್ನ್ರೀ ಮಾರಾಯ್ರ,” ಎಂದರು ಅಪ್ಪ, ತಪ್ಪಿತಸ್ಥನಂತೆ.

ಫ್ರೀಜರ್ ವ್ಯಾನಿನ ಚಾಲಕ, ಬಂದು ಹೋದದ್ದಕ್ಕೆ ಮನೆಯವರು ಯಾರಾದರೂ ಸಹಿ ಹಾಕದೆ ಕದಲುವುದಿಲ್ಲವೆಂದ. ಅಪ್ಪ ತಾವೇ ಹಾಕಿದರು. ಬಂದವರಲ್ಲಿ ಕೆಲವರು ಹೂವಿನ ಹಾರಗಳನ್ನು ಏನು ಮಾಡಬೇಕೆಂದು ತಿಳಿಯದೆ ಮೂಲೆಯ ಪಿಳ್ಳೆಯಾರ್, ಅಂದರೆ ಗಣಪತಿಯ, ಗುಡಿಗೆ ಕೊಟ್ಟು ಹೋದರು. ಗಂಧದ ಹಾರ ಮಾತ್ರ ಉಳಿಯಿತು.

ಎಲ್ಲರೂ ನಕ್ಕು ಚದುರಿದರು. ನಾನು ನಗಲಿಲ್ಲ. ಎರಡು ಮಹಡಿಯ ಮೆಟ್ಟಿಲು ಇಳಿಯುವಷ್ಟು ಹೊತ್ತು ನಾನು ತಂದೆಯಿಲ್ಲದವಳಾಗಿದ್ದೆ. ಅದಕ್ಕೆ ಯಾರಾದರೂ ಉತ್ತರ ಕೊಡಲೇಬೇಕಿತ್ತು. ಮರುದಿನ ಶೇಷಗಿರಿ ಮಾಮಾನ ಬಾಗಿಲು ತಟ್ಟಿ, ಸುದ್ದಿಯ ಮೂಲವನ್ನು ಬಹಿರಂಗಪಡಿಸಬೇಕು, ಅಪ್ಪನಿಗೆ ಎಲ್ಲರೆದುರು ಸಾರಿ ಹೇಳಬೇಕು ಎಂದು ಆಗ್ರಹಿಸಿದೆ.

“ಎತಕ್ಕೆ ಮಾ ಸಾರಿ?” ಎಂದರು ಅವರು. “ಚೇರು ಹಾಕ್ಸಿದ್ದು ತಪ್ಪಾ? ಶಾಮಿಯಾನಾ ಕಟ್ಸಿದ್ದು ತಪ್ಪಾ? ಬೋರ್ಡಲ್ಲಿ ನಿಮ್ಮಪ್ಪನ್ನ ಬೈದಿದೀನಾ? ಎಷ್ಟು ನಲ್ಲದಾಗಿ, ಚೆನ್ನಾಗಿ ಬರ್ದಿದ್ದೆ. ಅವನು ಬದುಕಿರೋವಾಗ ಅಷ್ಟು ಹೇಳಕ್ಕಾಗತ್ತಾ?”

“ಸುದ್ದಿ ಕೊಟ್ಟವರು ಯಾರು?”

“ಅದು ಮಾತ್ರ ಕೇಳ್ಬೇಡ,” ಎಂದು ಬಾಗಿಲು ಹಾಕಿಕೊಂಡರು.

ಸಂಸ್ಥೆಗಳ ಮೌನವೆಂದರೆ ಇದೇ ಅಲ್ಲವೆ? ಪೆರುಂಗುಡಿಯ ಕಚೇರಿಯೊಂದರಲ್ಲಿ ಗ್ರಾಹಕರ ದೂರು ಕೇಳುವ ಕೆಲಸದಲ್ಲಿರುವ ನನ್ನ ಗೆಳತಿಯ ಸಲಹೆ ಕೇಳಿದೆ. ಅವಳು ದಿನವಿಡೀ ಸಾರಿ ಹೇಳಿಯೇ ಸಂಬಳ ಪಡೆಯುವವಳು. “ನೋಡು ಮೇಧಾ,” ಎಂದಳು, “ನಮಗೆ ಮೊದಲ ವಾರವೇ ಕಲಿಸಿಬಿಡ್ತಾರೆ. ನಿಮಗೆ ಹೀಗಾಯ್ತು ಅಂತ ಕೇಳಿ ಸಾರಿ ಅನ್ನು. ನಾವು ಹೀಗೆ ಮಾಡಿದ್ವಿ ಸಾರಿ ಅಂತ ಮಾತ್ರ ಸತ್ತರೂ ಅನ್ನಬೇಡ. ನಿಮ್ಮ ಮಾಮಾಗೆ ನಮ್ಮಲ್ಲಿ ಒಳ್ಳೇ ಕೆಲಸ ಸಿಗುತ್ತೆ.” ನಾನು ಇನ್ನಷ್ಟು ಕೆರಳಿದೆ. ಫ್ಲ್ಯಾಟಿನ ಮಾಲೀಕರ ವಿಶೇಷ ಸಭೆ ಕರೆಯಬೇಕೆಂದು ಮನೆಮನೆಗೆ ಹೋಗಿ ಒಪ್ಪಿಸಿದೆ.

ಈ ನಡುವೆ ಶೇಷಗಿರಿ ಮಾಮಾ ಟ್ಯಾಂಕಿನ ಕಟ್ಟೆಗೆ ಬರುವುದನ್ನು ನಿಲ್ಲಿಸಿದರು. ಬಂದಿದ್ದರೂ ಅಪ್ಪ ಸಿಗುತ್ತಿರಲಿಲ್ಲ, ಏಕೆಂದರೆ ಅತ್ಯಾ ಅವರನ್ನು ತಾರಸಿಗಿರಲಿ, ಹೊಸಿಲಾಚೆಗೂ ಬಿಡುತ್ತಿರಲಿಲ್ಲ. ಅಪ್ಪ ಕೆಮ್ಮಿದರೆ ಅವಳು ಬಂದು ಹಣೆ ಮುಟ್ಟಿ ನೋಡುತ್ತಿದ್ದಳು. ಜೊತೆಗೆ ಧಾರವಾಡದ ತನ್ನ ಚಿಕ್ಕಪ್ಪನ ಮಗ ಶೇಷಾನನ್ನು ಕಾರಣವಿಲ್ಲದೆ ಶಪಿಸುತ್ತಿದ್ದಳು. “ಕಲ್ಲು ಎದಿಯಾವ. ಒಂದು ಫೋನ್ ಮಾಡಲಿಲ್ಲ ನೋಡು.” ಅಪ್ಪ ಪಲ್ಲಾವರಂ ಫ್ಯಾನನ್ನು ಬಿಚ್ಚಿ ಮುಂದಿಟ್ಟುಕೊಂಡು, ಒಂದು ತಿರುಪೂ ಮುಟ್ಟದೆ ಕುಳಿತಿರುತ್ತಿದ್ದರು.

“ಬಿಟ್ಟುಬಿಡವಾ ಇದನ್ನ,” ಎಂದರು ಒಮ್ಮೆ. “ಸತ್ತಿಲ್ಲಲ್ಲ ನಾನು.”

“ಅದು ಅವರ ಪುಣ್ಯ,” ಎಂದೆ.

ಭಾನುವಾರ ಬೆಳಿಗ್ಗೆ ಕಾರು ನಿಲ್ಲಿಸುವ ಜಾಗದಲ್ಲಿ ಸಭೆ ಸೇರಿತು. ಅದೇ ಪ್ಲಾಸ್ಟಿಕ್ ಕುರ್ಚಿಗಳು. ವಿಷಯದ ಗಾಂಭೀರ್ಯವನ್ನು ಮನಗಾಣಿಸಲು ನಾನು ಪದದ ಮೂಲದಿಂದಲೇ ಆರಂಭಿಸಿದೆ. ಸಾರಿ ಎಂಬುದು ಹಳೆಯ ಇಂಗ್ಲಿಷಿನಲ್ಲಿ ನೋವು, ಹುಣ್ಣು ಎಂಬರ್ಥದ ಪದದಿಂದ ಹುಟ್ಟಿದ್ದು ಎಂದೆ. ದುಃಖವೆಂಬ ಅರ್ಥದ ‘ಸಾರೋ’ಗೂ ಇದಕ್ಕೂ ರಕ್ತಸಂಬಂಧವಿಲ್ಲ, ಒಂದೇ ಕಟ್ಟಡದ ಅಕ್ಕಪಕ್ಕದ ಮನೆಗಳಲ್ಲಿ ಶತಮಾನಗಳ ಕಾಲ ಬಾಳಿ, ಒಬ್ಬರ ಮುಖದ ಛಾಯೆ ಇನ್ನೊಬ್ಬರಿಗೆ ಬಂದು, ನೋಡಿದವರು ಒಡಹುಟ್ಟಿದವರೆಂದು ತಿಳಿಯುತ್ತಾರೆ, ಅಷ್ಟೆ. ಆದಿಯಲ್ಲಿ ಸಾರಿ ಎಂದರೆ ಬಾಯಿಂದ ಆಡುವ ಮಾತಲ್ಲ, ಮನುಷ್ಯನೊಬ್ಬ ಇರುವ ಸ್ಥಿತಿ. ಎಲ್ಲಿಯೋ ನೋಯುತ್ತಿರಬೇಕು. ಮುಂದೆ ಅದಕ್ಕೆ ದರಿದ್ರ, ಕೆಲಸಕ್ಕೆ ಬಾರದ್ದು ಎಂಬ ಅರ್ಥವೂ ಬಂತು. ಕೊನೆಗೆ ಸೀನಿದಾಗಲೂ ಹೇಳುವ ಪದವಾಗಿ ಕೆಳಗಿಳಿಯಿತು. ಆದ್ದರಿಂದ ಈ ಸಭೆ ಬಯಸುವುದು ಸೀನಿನ ಸಾರಿಯನ್ನಲ್ಲ, ನೋವಿನ ಸಾರಿಯನ್ನು ಎಂದು ನಿಲ್ಲಿಸಿದೆ.

ಮುಂದಿನ ಸಾಲಿನವರು ತಲೆಯಾಡಿಸಿದರು. ನನ್ನ ವಾದ ನಾಟಿತೆಂದುಕೊಂಡೆ.

“ಮೋಟಾರ್ ಪಂಪು ಯಾವಾಗ ರಿಪೇರಿ?” ಎಂದರು ಕೋಮಳಾ ಮಾಮಿ ತಮಿಳಿನಲ್ಲಿ.

ನಾನು ಶೇಷಗಿರಿ ಮಾಮಾನತ್ತ ತಿರುಗಿದೆ. “ಕೊನೆಯ ಸಲ ಕೇಳುತ್ತಿದ್ದೇನೆ. ಸುದ್ದಿ ಕೊಟ್ಟವರು ಯಾರು?”

ಅವರು ನನ್ನನ್ನು ನೋಡಲಿಲ್ಲ. ಅವರ ಕಣ್ಣು ಅರೆಗಳಿಗೆ ಅತ್ಯಾಳ ಕಡೆ ಹೋಗಿ ನೆಲಕ್ಕಿಳಿಯಿತು. ಅತ್ಯಾ ಮೊದಲು ಅವರನ್ನು ನೋಡಿದಳು, ಆಮೇಲೆ ಸೆರಗಿನ ಗಂಟಿನಿಂದ ಫೋನು ತೆಗೆದು, ಕನ್ನಡಕ ಏರಿಸಿ, ಬಹಳ ಹೊತ್ತು ಹುಡುಕಿದಳು.

“ಅಯ್ಯ ರಾಮಾ,” ಎಂದಳು. “ಧಾರವಾಡದ ಶೇಷಾಗ ಕಳಿಸಿದ್ದು ಈ ಶೇಷಾಗ ಬಂದದಲ್ಲ.” ನೀರು ನಿಂತರೆ ಕೇಳಲೆಂದು ಅಪ್ಪನೇ ಅವಳ ಫೋನಿಗೆ ಹಾಕಿಕೊಟ್ಟಿದ್ದ ನಂಬರದು.

ಬೆರಳು ತಾಗಿಯೋ, ತಾಗಿಸಿಯೋ, ಫೋನು ಮಾತನಾಡತೊಡಗಿತು. ಅತ್ಯಾಳದೇ ಧ್ವನಿ, ಬಿಕ್ಕುತ್ತ: “ಶೇಷಾ, ನಮ್ಮ ಗುರು ಹೋಗಿಬಿಟ್ನ್ಯೋ. ಏನ್ ಹೇಳಲ್ಯೋ...” ಕಾರುಗಳ ನಡುವೆ ಆ ಅಳು ಪ್ರತಿಧ್ವನಿಸಿತು. ಅಪ್ಪ ತಲೆದೂಗುತ್ತ ಕೇಳಿದರು.

“ಕಾಗಿ ತಲಿಗೆ ಬಡೀತು ಅಂದ್ರ ಆಯುಷ್ಯಕ್ಕ ಕುತ್ತು,” ಎಂದು ಅತ್ಯಾ ಸಭೆಗೆ ವಿವರಿಸಿದಳು. “ಸತ್ತಾನಂತ ದೂರದವರಿಗೆ ಒಂದು ಸುಳ್ಳು ಸುದ್ದಿ ಕಳಸೂದು. ಅವರು 
ಖರೇ ಅಂತ ನಂಬಿ ಅತ್ತರ ಕುತ್ತು ಕಳೀತು. ಆಮ್ಯಾಲೆ ಇಲ್ಲಪಾ, ಆರಾಮ ಇದ್ದಾನಂತ ಹೇಳೂದು. ನಮ್ಮ ಹಿರ್ಯಾರು ಕಾರ್ಡು ಬರೀತಿದ್ರು. ನಾ ಫೋನಿನ್ಯಾಗ ಕಳಿಸಿದೆ.”

“ನಮ್ಮಲ್ಲಿ ಶನೀಶ್ವರನಿಗೆ ಎಳ್ಳುದೀಪ ಹಚ್ಚಿದರೆ ಮುಗಿಯಿತು,” ಎಂದರು ಮಾಮಿ, ತಮ್ಮ ಕಾಗೆಯ ವಿಷಯ ಬಂದದ್ದಕ್ಕೆ ತುಸು ಮುಜುಗರದಿಂದ.

“ಮಾಮಾ, ಇದನ್ನು ಮೊದಲೇ ಹೇಳಬಹುದಿತ್ತಲ್ಲ?” ಎಂದೆ.

“ಊರಿಂದ ಬಂದಿರೋ ಪೆರಿಯವರು, ದೊಡ್ಡವರು. ಅವರ ಹೆಸರನ್ನ ಮೀಟಿಂಗಲ್ಲಿ ಇಳಿಸ್ಬೇಕಾ?” ಎಂದರು ಶೇಷಗಿರಿ ಮಾಮಾ.

ಅತ್ಯಾಳಿಗೆ ಈ ಔದಾರ್ಯದಲ್ಲಿ ಆಸಕ್ತಿಯಿರಲಿಲ್ಲ. ಅವಳು ಕುರ್ಚಿ ಎಳೆದುಕೊಂಡು ಅವರೆದುರು ಕುಳಿತಳು. “ಅದೆಲ್ಲಾ ಇರ್ಲಿ. ಸುದ್ದಿ ಕೇಳಿ ನೀವು ಅತ್ರ್ಯೋ ಇಲ್ಲೋ, ಅದೊಂದು ಹೇಳ್ರಿ.”

ಶೇಷಗಿರಿ ಮಾಮಾ ಸುತ್ತಲೂ ನೋಡಿದರು. ಇಡೀ ಕಟ್ಟಡ ಅವರ ಬಾಯಿಯನ್ನೇ ನೋಡುತ್ತಿತ್ತು. “ಛೆ ಛೆ. ಅಳೋದೆಲ್ಲಾ ಇಲ್ಲ.”

“ಟವಲ್ಲಿನ್ಯಾಗ ಮಾರಿ ಮುಚಗೊಂಡಿದ್ರಂತಲ್ಲ?”

“ವೇರ್ವೆ ಮಾ, ಬೆವರು. ಮೆಡ್ರಾಸ್ ಬಿಸ್ಲಲ್ಲಿ ಟವಲ್ ಒದ್ದೆ ಆಗ್ದೇ ಏನಾಗತ್ತೆ?”

“ಹೇಗಿದ್ದರೂ ಹೊರಗಿನವರ ಅಳು ನಡೆಯದು, ಮನೆಯವರದೇ ಆಗಬೇಕು,” ಎಂದು, ತಮ್ಮಲ್ಲಿಲ್ಲದ ಶಾಸ್ತ್ರಕ್ಕೂ ಕೋಮಳಾ ಮಾಮಿ ತೀರ್ಪು ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: “ನೀನಾದರೂ ಅತ್ತಿದ್ದೀಯಲ್ಲ ಕಣ್ಣಾ?”

ಎಲ್ಲರೂ ನನ್ನನ್ನು ನೋಡಿದರು. ಅಪ್ಪನೂ ನೋಡಿದರು. ನಾನು ಯಾವ ಆಸ್ಪತ್ರೆಯೆಂದು ಕೇಳಿದ್ದೆ. ಯಾರು ಹೇಳಿದರೆಂದು ಕೇಳಿದ್ದೆ. ಅಪ್ಪ ಸತ್ತರೆಂದು ನಂಬಿದ ಅಷ್ಟೂ ಹೊತ್ತು ನಾನು ಹೊಣೆಗಾರರನ್ನು ಹುಡುಕುತ್ತಿದ್ದೆ. ಅಳುವುದಕ್ಕೆ ಸರದಿ ಬಂದಿರಲಿಲ್ಲ.

“ಇಲ್ಲ,” ಎಂದೆ.

“ಹಂಗಾರ ಯಾರೂ ಅಳಲಿಲ್ಲೇನು?” ಎಂದಳು ಅತ್ಯಾ. ತಮ್ಮನ ಕೈಯನ್ನು ಹಿಡಿದುಕೊಂಡಳು. ಆ ಕೈ ಎಲ್ಲಿಯೋ ಹೋಗಿಬಿಡುತ್ತದೆಂಬಂತೆ ಎರಡೂ ಕೈಗಳಿಂದ ಹಿಡಿದುಕೊಂಡಳು. ನನಗೆ ಕಾಗೆಯಲ್ಲಿ ನಂಬಿಕೆಯಿಲ್ಲ. ಆದರೆ ಅವಳ ಆ ಮುಖವನ್ನು ನೋಡಿ ನಾನು ನನ್ನ ಜೀವಮಾನದ ಅತ್ಯಂತ ಕಠಿಣ ವಿಚಾರಣೆಯನ್ನು ಆರಂಭಿಸಿದೆ.

“ಮಾಮಾ, ಬೆವರಾದರೆ ಶರ್ಟೂ ಒದ್ದೆಯಾಗಿರಬೇಕಿತ್ತು. ನಿಮ್ಮ ಶರ್ಟು ಒಣಗಿತ್ತು.”

“ಕಾಟನ್ ಶರ್ಟು ಮಾ.”

“ಕಣ್ಣು ಕೆಂಪಗಿತ್ತು.”

“ಕ್ಯಾಟರಾಕ್ಟು.”

“ಎಲ್ಲರೆದುರು ಒಪ್ಪಿಕೊಳ್ಳಿ ಮಾಮಾ. ನೀವು ಅತ್ತಿದ್ದೀರಿ.”

“ಕೋರ್ಟಾ ಮಾ ಇದು?” ಎಂದು ರೇಗಿದ ಶೇಷಗಿರಿ ಮಾಮಾ, ಅತ್ಯಾಳ ಕೈಯೊಳಗಿದ್ದ ಅಪ್ಪನ ಕೈಯನ್ನು ನೋಡಿದರು. ಹೆಗಲ ಮೇಲಿನ ಟವಲ್ಲನ್ನು ತೆಗೆದು ಮಡಚಿದರು, ಮತ್ತೆ ಬಿಚ್ಚಿದರು. “ಸರಿ. ಅತ್ತಿದ್ದು ನಿಜ. ಸೆಕ್ರೆಟರಿ ಅತ್ತಾನೆ ಅಂತ ಮಿನಿಟ್ಸಲ್ಲಿ ಹಾಕ್ಕೊಳ್ಳಿ. ಪೋದುಮಾ? ಸಾಕಾ?”

“ಆದರೆ ಅವರು ಹೊರಗಿನವರು...” ಎಂದು ಮಾಮಿ ಆರಂಭಿಸಿದರು.

“ನಡೀತದ,” ಎಂದಳು ಅತ್ಯಾ. “ಕಾಗಿ ಏನ್ ಗೋತ್ರಾ ಕೇಳ್ತದೇನು?” ಅವಳು ತಮ್ಮನ ಕೈ ಬಿಟ್ಟು ಎದ್ದಳು. ಕುಕ್ಕರ್ ಇಡುವುದಿದೆಯೆಂದು ಹೊರಟೇಬಿಟ್ಟಳು.

ಶೇಷಗಿರಿ ಮಾಮಾ ಟವಲ್ಲಿನಿಂದ ಕತ್ತು ಒರೆಸಿಕೊಂಡು ನನ್ನ ಕಡೆ ತಿರುಗಿದರು. “ಈಗ ಹೇಳು ಮಾ ಮೇಧಾ. ಅತ್ತದ್ದಕ್ಕೂ ನಿಮ್ಮಪ್ಪನಿಗೆ ಸಾರಿ ಹೇಳ್ಬೇಕಾ?”

ಅಪ್ಪ ನನಗಿಂತ ಮೊದಲೇ ಉತ್ತರ ಕೊಟ್ಟರು.

“ಹೇಳಬೇಕು,” ಎಂದರು. “ನಾ ಬದುಕಿ ಬಂದು ಬಾಜೂಕ ಕೂತ ಮ್ಯಾಲೂ ಅಳೂದು ನಿಲ್ಲಿಸಲಿಲ್ಲಲ್ಲ ನೀವು, ಅದಕ್ಕ ಹೇಳಬೇಕು.”